ಮೂಗಿನ ಅಕ್ಷರಾಭ್ಯಾಸ

ಅಪ್ಪೆಮಿಡಿ ಎಂಬ ಎಳೆ ಮಾವಿನಕಾಯಿಯ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಅದನ್ನು ಮೂಸಿ ‘ಇದು ಜೀರಿಗೆ’, ‘ಇದು ಕರ್ಪೂರ’, ‘ಇದಕ್ಕೆ ಹುಳಿ ಬಿಟ್ಟರೆ ಏನೂ ಇಲ್ಲ’ ಎಂದು ಬುಟ್ಟಿ ಬುಟ್ಟಿಗೆ ಬೇರೆ ಮಾಡುವ ಕೆಲಸ ನಮ್ಮ ಮನೆಯಲ್ಲಿ ಅತ್ತೆಯವರದಾಗಿತ್ತು. ಹೊಸನಗರ ತಾಲ್ಲೂಕಿನ ಈ ಮನೆಗೆ ಮದುವೆಯಾಗಿ ಬಂದ ಮೇಲೆ ನಾನು ಅವರ ಪಕ್ಕದಲ್ಲಿ ಕುಳಿತು ಕಲಿತೆ. ಹಳ್ಳದ ದಂಡೆಯಲ್ಲಿರುವ ಒಂದೊಂದು ಮರಕ್ಕೂ ಒಂದೊಂದು ವಾಸನೆ. ಕಣ್ಣಿಗೆ ಎಲ್ಲ ಮಿಡಿಯೂ ಒಂದೇ ಹಸಿರು. ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಂಜಾದ ಮೇಲೂ ಅವರು ಹೇಳಿದ್ದು ತಪ್ಪಾದದ್ದನ್ನು ನಾನು ಕಂಡಿಲ್ಲ.

ಹದಿನೈದು ವರ್ಷಗಳಿಂದ ನಾನು ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಮರ ಹತ್ತುವವರು ತಂದ ಮಿಡಿಯನ್ನು ಕೊಳ್ಳುವ ಮೊದಲು ಮೂಸುತ್ತೇನೆ. ಹರಳುಪ್ಪಿನಲ್ಲಿ ಮಿಡಿ ಚಿರುಟಿ ನೀರು ಬಿಟ್ಟಾಗ ಮೂಸುತ್ತೇನೆ. ಸಾಸಿವೆ, ಮೆಣಸು ಅರೆದು ಬೆರೆಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಮೊದಲು ಮತ್ತೊಮ್ಮೆ ಮೂಸುತ್ತೇನೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಒಳಗೆ ಸೇರಿದ್ದರೂ ಇಡೀ ಭರಣಿ ಕೆಡುತ್ತದೆ, ಮತ್ತು ಅದು ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಮೂಗಿಗೆ ತಿಳಿಯುತ್ತದೆ.

2021ರ ಮೇ ತಿಂಗಳಲ್ಲಿ ನನಗೆ ಜ್ವರ ಬಂತು. ನಮ್ಮ ಕಡೆ ಬೇಸಿಗೆಯ ಜ್ವರ ಎಂದರೆ ಮೊದಲು ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ನಮ್ಮ ಮನೆಗಳ ಮಾತಿನಿಂದ ಇನ್ನೂ ಹೋಗಿಲ್ಲ. ಪರೀಕ್ಷೆಯಲ್ಲಿ ಕೊರೊನಾ ಎಂದು ಬಂತು. ಹಿತ್ತಿಲ ಕೋಣೆಯಲ್ಲಿ ಹತ್ತು ದಿನ ಮಲಗಿದೆ. ಉಸಿರಿಗೆ ತೊಂದರೆ ಆಗಲಿಲ್ಲ, ಅದು ಪುಣ್ಯ. ಹನ್ನೊಂದನೆಯ ದಿನ ಎದ್ದು ಸ್ನಾನ ಮಾಡಿ ಅಡಿಗೆಮನೆಗೆ ಹೋಗಿ ತಂಬುಳಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಚಟಪಟ ಅಂದದ್ದು ಕೇಳಿತು. ಇಂಗು ಹಾಕಿದ್ದು ಕಣ್ಣಿಗೆ ಕಂಡಿತು. ಅಷ್ಟೇ.

ಒಲೆ ಆರಿಸಿ ಉಗ್ರಾಣಕ್ಕೆ ಓಡಿದೆ. ಏಪ್ರಿಲ್‌ನಲ್ಲಿ ಉಪ್ಪಿಗೆ ಹಾಕಿದ್ದ ಜೀರಿಗೆ ಅಪ್ಪೆಯ ಭರಣಿಯ ಬಟ್ಟೆ ಬಿಚ್ಚಿ ಮುಖವನ್ನು ಒಳಗೇ ಇಟ್ಟೆ. ಆ ಭರಣಿ ತೆರೆದರೆ ಜಗಲಿಯಲ್ಲಿ ಕುಳಿತವರ ಬಾಯಲ್ಲಿ ನೀರೂರುತ್ತದೆ. ನನಗೆ ತಣ್ಣನೆಯ ಪಿಂಗಾಣಿ ಕೆನ್ನೆಗೆ ತಾಗಿದ್ದು ಮಾತ್ರ ಗೊತ್ತಾಯಿತು.

ನೆಗಡಿಯಾಗಿ ಮೂಗು ಕಟ್ಟಿದಾಗಲೂ ವಾಸನೆ ಇರುವುದಿಲ್ಲ, ಆದರೆ ಇದು ಅದರಂತೆ ಇರಲಿಲ್ಲ. ಗಾಳಿ ಸಲೀಸಾಗಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಅದರಲ್ಲಿ ಏನೂ ಇರಲಿಲ್ಲ. ಮೊದಲ ಮಳೆ ಬಿದ್ದಾಗ ಅಂಗಳದಲ್ಲಿ ನಿಂತೆ. ಬರಿಯ ನೀರು ಬೀಳುತ್ತಿತ್ತು. ಬಚ್ಚಲ ಒಲೆಯ ಹೊಗೆ ಕಣ್ಣು ಉರಿಸುತ್ತಿತ್ತು, ಹೊಗೆಯೆಂದು ಅನ್ನಿಸುತ್ತಿರಲಿಲ್ಲ. ನನ್ನ ಮೈಯ ಬೆವರು, ಮಗಳ ತಲೆಗೂದಲು, ಇವರ ಅಡಿಕೆ ಚೊಗರಿನ ಪಂಚೆ, ಯಾವುದೂ ಇಲ್ಲ. ಸ್ವಂತ ಮನೆಯಲ್ಲಿ ಗಾಜಿನ ಆಚೆ ನಿಂತು ನೋಡುವವಳಂತೆ ಓಡಾಡಿದೆ.

ನೋಡಲು ಬಂದವರು ಹೇಳಿದ್ದು ಒಂದೇ ಮಾತು: ‘ಮೂಗು ತಾನೆ? ಕಣ್ಣು, ಕಿವಿ ಹೋಗಲಿಲ್ಲವಲ್ಲ, ಜೀವ ಉಳಿಯಿತಲ್ಲ.’ ಆ ಎರಡು ತಿಂಗಳಲ್ಲಿ ನಮ್ಮ ಸೀಮೆಯಲ್ಲೇ ಎಷ್ಟು ಸಾವುಗಳಾದವು. ಅಂಥ ಸಮಯದಲ್ಲಿ ನನ್ನ ದುಃಖವನ್ನು ಹೇಳಿಕೊಳ್ಳಲು ನನಗೇ ಸಂಕೋಚವಾಗುತ್ತಿತ್ತು. ಈಗ ಅನ್ನಿಸುತ್ತದೆ, ಹೇಳಬೇಕಿತ್ತು. ಜೂನ್‌ನ ಒಂದು ಮಧ್ಯಾಹ್ನ ಗ್ಯಾಸ್ ಒಲೆಯ ತಿರುಗಣೆ ಅರ್ಧ ತೆರೆದೇ ಇತ್ತು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇರುವುದಿಲ್ಲ. ಸೋರಿದರೆ ತಿಳಿಯಲಿ ಎಂದೇ ಮರ್ಕ್ಯಾಪ್ಟಾನ್ ಎಂಬ ಗಂಧಕದ ನಾತವನ್ನು ಬೆರೆಸುತ್ತಾರೆ. ನಾನು ಅದೇ ಕೋಣೆಯಲ್ಲಿ ಕುಳಿತು ಹಲಸಿನ ಹಪ್ಪಳದ ಹಿಟ್ಟು ನಾದುತ್ತಿದ್ದೆ. ತೋಟದಿಂದ ಬಂದ ಇವರು ಬಾಗಿಲಲ್ಲೇ ಕೂಗಿದರು. ಮರುದಿನವೇ ಗ್ಯಾಸ್ ಸೋರಿದರೆ ಕೂಗುವ ಯಂತ್ರ ತಂದು ಹಾಕಿದರು. ವಾಸನೆ ಹೋದವರ ಮನೆಯಲ್ಲಿ ಅದು ಇರಲೇಬೇಕು, ಇದನ್ನು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನೊಂದು ತಪ್ಪು ನನ್ನಿಂದಲೇ ಆಯಿತು. ಅತ್ತೆಗೆ ಆಗ ಜ್ವರದ ಸುಸ್ತು ಇತ್ತು, ಅವರನ್ನು ಎಬ್ಬಿಸುವುದು ಬೇಡವೆಂದು ನಾನೇ ಅಂದಾಜಿನ ಮೇಲೆ ಬೆಂಗಳೂರಿಗೆ ಆರು ಕಿಲೋ ಉಪ್ಪಿನಕಾಯಿ ಕಳುಹಿಸಿದೆ. ಎಷ್ಟೋ ವರ್ಷಗಳಿಂದ ಕೊಳ್ಳುವವರು ಫೋನ್ ಮಾಡಿ ಮೆಲ್ಲಗೆ ಹೇಳಿದರು: ‘ಅಕ್ಕಾ, ಈ ಸಲದ್ದು ಯಾಕೋ ಮುಗ್ಗಲು ವಾಸನೆ.’ ಹಣ ಹಿಂದಕ್ಕೆ ಕೊಟ್ಟೆ. ಆ ಸಾಲಿನ ಮೂರು ಭರಣಿಗಳನ್ನು ತೋಟದ ಗುಂಡಿಗೆ ಸುರಿದೆವು.

ಜುಲೈ ಕೊನೆಯಲ್ಲಿ ಶಿವಮೊಗ್ಗದ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋದೆವು. ಅವರು ಮೂಗಿನೊಳಗೆ ಸಣ್ಣ ದೀಪದ ನಳಿಕೆ ಹಾಕಿ ನೋಡಿ, ಗಂಟು, ಬಾವು ಏನೂ ಇಲ್ಲ ಎಂದರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೂಗಿನ ಒಳಗಡೆ ತೀರಾ ಮೇಲೆ, ಎರಡು ಕಣ್ಣುಗಳ ನಡುವೆ, ವಾಸನೆಯ ನರಕೋಶಗಳಿರುವ ಪುಟ್ಟ ಪದರವಿದೆ. ಅದರ ಮೇಲೆ ಜರಡಿಯಂತೆ ತೂತುಗಳಿರುವ ತೆಳು ಮೂಳೆ. ಆ ತೂತುಗಳ ಮೂಲಕ ನರದ ಎಳೆಗಳು ಮಿದುಳಿಗೆ ಹೋಗುತ್ತವೆ. ಕೊರೊನಾ ವೈರಸ್ ಮುಖ್ಯವಾಗಿ ಹೊಗುವುದು ಆ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳನ್ನು. ಅಡಿಕೆ ಮರ ಸತ್ತರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಗತಿ ಏನಾಗುತ್ತದೆ ಎಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಾಸನೆಯ ನರಕ್ಕೆ ಒಂದು ಭಾಗ್ಯವಿದೆ: ಅದು ಬುಡದ ಕೋಶಗಳಿಂದ ಜೀವಮಾನವಿಡೀ ಹೊಸದಾಗಿ ಚಿಗುರುತ್ತಿರುತ್ತದೆ. ‘ಚಿಗುರಲು ಸಮಯ ಬೇಕು, ಚಿಗುರಿದ್ದಕ್ಕೆ ಪಾಠ ಬೇಕು’ ಎಂದರು ವೈದ್ಯರು.

ಆ ಪಾಠವೇ ವಾಸನೆಯ ತರಬೇತಿ. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯ ಥಾಮಸ್ ಹುಮ್ಮೆಲ್ ಮತ್ತು ಅವರ ಸಂಗಡಿಗರು 2009ರಲ್ಲಿ ಇದರ ಅಧ್ಯಯನ ಪ್ರಕಟಿಸಿದರು. ಅಂದರೆ ಕೊರೊನಾ ಬರುವ ಎಷ್ಟೋ ಮೊದಲು. ಸಾಮಾನ್ಯ ನೆಗಡಿಯ ವೈರಸ್‌ಗಳಿಂದಲೂ ತಲೆಗೆ ಪೆಟ್ಟು ಬಿದ್ದೂ ವಾಸನೆ ಕಳೆದುಕೊಂಡವರು ಹಿಂದಿನಿಂದಲೂ ಇದ್ದಾರೆ, ನಾವು ಅವರನ್ನು ಗಮನಿಸಿರಲಿಲ್ಲ. ಆ ಅಧ್ಯಯನದಲ್ಲಿ 40 ಮಂದಿ ದಿನಕ್ಕೆ ಎರಡು ಸಲ, 12 ವಾರ, ನಾಲ್ಕು ವಾಸನೆಗಳನ್ನು ಮೂಸಿದರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಇನ್ನು 16 ಮಂದಿ ಏನೂ ಮಾಡಲಿಲ್ಲ. ಮೂಸಿದವರ ಮೂಗು ಒಟ್ಟಾರೆ ಸುಧಾರಿಸಿತು, ಉಳಿದವರದು ಹಾಗೇ ಇತ್ತು. ಎಲ್ಲರಿಗೂ ಪೂರ್ತಿ ಮರಳುತ್ತದೆ ಎಂದು ವೈದ್ಯರು ನನಗೆ ಭರವಸೆ ಕೊಡಲಿಲ್ಲ. ಆ ಪ್ರಾಮಾಣಿಕತೆಯಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಲವಂಗದ ಎಣ್ಣೆ, ನೀಲಗಿರಿ ಎಣ್ಣೆ, ಗುಲಾಬಿ ಅತ್ತರು ಸಿಕ್ಕವು. ನಿಂಬೆಗೆ ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆದುಕೊಂಡೆ, ನಮ್ಮ ಹಿತ್ತಿಲಲ್ಲೇ ಬೆಳೆಯುವ ಹುಲ್ಲು ಅದು. ಹೋಮಿಯೋಪಥಿಯ ಕಂದು ಸೀಸೆಗಳನ್ನು ತೊಳೆದು ಒಣಗಿಸಿ, ಒಳಗೆ ಹತ್ತಿ ಇಟ್ಟು, ಮೇಲೆ ನಾಲ್ಕೈದು ಹನಿ ಬಿಟ್ಟೆ. ಬೆಳಿಗ್ಗೆ ಕಾಫಿಗೆ ಮೊದಲು ಒಂದು ಸಲ, ರಾತ್ರಿ ಮಲಗುವ ಮೊದಲು ಒಂದು ಸಲ. ಒಂದೊಂದು ಸೀಸೆಗೆ ಹತ್ತಿಪ್ಪತ್ತು ಸೆಕೆಂಡು, ನಡುವೆ ಅರ್ಧ ನಿಮಿಷ ಬಿಡುವು. ಜೋರಾಗಿ ಎಳೆದುಕೊಳ್ಳಬಾರದು, ಹೊಸಬರ ಕೈಯನ್ನು ಕರು ಹೇಗೆ ಚಿಕ್ಕ ಚಿಕ್ಕದಾಗಿ ಮೂಸುತ್ತದೆಯೋ ಹಾಗೆ.

ಮೊದಲ ದಿನ ನೀಲಗಿರಿಯ ಸೀಸೆ ತೆರೆದಾಗ ನಾನು ಕಿರುಚಿಯೇ ಬಿಟ್ಟೆ. ಮೂಗಿನ ತುಂಬ ತಂಪು! ಬಂತು, ಬಂತು ಎಂದು ಇವರನ್ನು ಕರೆದೆ, ಅತ್ತೆಯನ್ನು ಅಪ್ಪಿಕೊಂಡೆ, ವೈದ್ಯರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಪು, ಉರಿ, ಘಾಟು ಇವನ್ನು ಹಿಡಿಯುವುದು ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ಎಂಬ ಬೇರೆ ನರ ಎಂದು ಹೇಳಿದರು. ಅಮೃತಾಂಜನ ಹಚ್ಚಿದರೆ ಹಣೆಗೂ ತಂಪು ಗೊತ್ತಾಗುವುದಿಲ್ಲವೇ, ಹಾಗೆ. ಸಾಸಿವೆಯ ಘಾಟು, ಮೆಣಸಿನ ಖಾರ ನನಗೆ ಮೊದಲಿನಿಂದಲೂ ತಿಳಿಯುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ನಾಲಿಗೆ ಉಪ್ಪು, ಹುಳಿ ಹೇಳುತ್ತಿತ್ತು, ಆ ನರ ಉರಿಯನ್ನು ಹೇಳುತ್ತಿತ್ತು, ಇಷ್ಟಿದ್ದೂ ಎಲ್ಲ ಭರಣಿಯ ಉಪ್ಪಿನಕಾಯಿಯೂ ಒಂದೇ ಆಗಿತ್ತು. ಜೀರಿಗೆ ಅಪ್ಪೆಯನ್ನು ಜೀರಿಗೆ ಅಪ್ಪೆ ಮಾಡುವುದು ಬಾಯೊಳಗಿಂದ ಗಂಟಲ ಹಿಂಬದಿಯಾಗಿ ಮೂಗಿಗೆ ಏರುವ ವಾಸನೆ.

ಗುಲಾಬಿಯಲ್ಲಿ ತಂಪಿಲ್ಲ, ಘಾಟಿಲ್ಲ, ಅದು ಬರಿಯ ವಾಸನೆ. ಆದ್ದರಿಂದ ಅದೇ ನನ್ನ ನಿಜವಾದ ಪರೀಕ್ಷೆಯಾಯಿತು. ಖಾಲಿ ಸೀಸೆಯನ್ನು ಮೂಸಿದಂತೆ ಅದನ್ನು ಮೂಸುತ್ತಾ ಎಷ್ಟು ಬೆಳಗುಗಳು ಕಳೆದವೋ. ಎರಡನೆಯ ವಾರದಲ್ಲಿ ಬಿಟ್ಟುಬಿಡೋಣ ಅನ್ನಿಸಿತು. ಆಗ ಅತ್ತೆ ಮಣೆ ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

‘ಕೊಡು ತಂಗಿ ಇಲ್ಲಿ’ ಎಂದು ಸೀಸೆ ಇಸಿದುಕೊಂಡು ಮೂಸಿದರು. ಚೀಟಿ ಓದಲು ಅವರಿಗೆ ಕಣ್ಣು ಕಾಣದು, ಬೇಕಾಗಿಯೂ ಇರಲಿಲ್ಲ. ‘ಗುಲಾಬಿ. ನಿನ್ನ ಮದುವೆಯ ದಿನ ಬೀಗರಿಗೆ ಪನ್ನೀರು ಎರಚಿದರಲ್ಲ, ನಿನ್ನ ಸೀರೆಯ ಸೆರಗೆಲ್ಲ ಒದ್ದೆಯಾಗಿತ್ತಲ್ಲ, ಅದು. ಈಗ ಮೂಸು.’ ನಾನು ಮೂಸಿದೆ. ಏನೂ ಬರಲಿಲ್ಲ, ಆದರೆ ಒದ್ದೆ ಸೆರಗು ಕೈಗೆ ಅಂಟಿದ್ದು ನೆನಪಾಯಿತು. ಲವಂಗಕ್ಕೆ: ‘ನಿನ್ನ ಹಲ್ಲುನೋವಿಗೆ ರಾತ್ರಿಯಿಡೀ ಹತ್ತಿಯಲ್ಲಿ ಅದ್ದಿ ಇಟ್ಟೆವಲ್ಲ.’ ಮಜ್ಜಿಗೆ ಹುಲ್ಲಿಗೆ: ‘ಮಳೆಗಾಲದ ಕಷಾಯ. ಹಸು ಮೇಯದ ಹುಲ್ಲು.’

ಮೂಸುವಾಗ ಆ ವಾಸನೆಯನ್ನು ಮನಸ್ಸಿನಲ್ಲಿ ಕರೆಯಬೇಕು, ಬೇರೆ ಯೋಚನೆ ಮಾಡಬಾರದು ಎಂದು ವೈದ್ಯರೂ ಹೇಳಿದ್ದರು. ಕರೆಯುವುದು ಹೇಗೆಂದು ತೋರಿಸಿಕೊಟ್ಟವರು ಅತ್ತೆ. ಅವರು ಇದಕ್ಕೆ ಮೂಗಿನ ಅಕ್ಷರಾಭ್ಯಾಸ ಎಂದು ಹೆಸರಿಟ್ಟರು. ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುವಾಗ ಮಗುವಿಗೆ ಓದಲು ಬರುವುದಿಲ್ಲ. ಆದರೂ ಬರೆಸುತ್ತೇವೆ. ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನವೂ ಒಂದೊಂದು ಸೀಸೆಯ ಮುಂದೆ ಒಂದೊಂದು ಮಾತು ಬರೆಯತೊಡಗಿದೆ. ಹೆಚ್ಚಿನ ದಿನ ‘ಇಲ್ಲ’. ಕನ್ನಡದಲ್ಲಿ ವಾಸನೆಗೆ ಎಷ್ಟು ಮಾತುಗಳಿವೆ ಎಂದು ಆಗಲೇ ನನಗೆ ಗಮನಕ್ಕೆ ಬಂದದ್ದು. ಘಮ, ಕಂಪು, ನಾತ, ಘಾಟು. ಹಳೆಯ ಎಣ್ಣೆಗೆ ಕಮಟು, ಒದ್ದೆ ಅಕ್ಕಿಗೆ ಮುಗ್ಗಲು, ಹಿಂದಿನ ದಿನದ ಸಾರಿಗೆ ಹಳಸು, ತಳ ಹಿಡಿದ ಹಾಲಿಗೆ ಸೀಕು. ಇವನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟುಕೊಂಡೆ, ಮರೆತುಹೋಗಬಾರದೆಂದು.

ಸೆಪ್ಟೆಂಬರ್‌ನಲ್ಲಿ ಏನೋ ಮರಳಿತು, ಆದರೆ ಅದು ವಿಕಾರವಾಗಿ ಮರಳಿತು. ಒಂದು ಬೆಳಿಗ್ಗೆ ಕಾಫಿ ಬಾಯಿಗಿಟ್ಟರೆ ಸುಟ್ಟ ರಬ್ಬರೂ ಚರಂಡಿಯೂ ಸೇರಿದಂಥ ನಾತ. ಲೋಟ ಎಸೆದು ಬಚ್ಚಲಿಗೆ ಓಡಿದೆ. ಮರುದಿನ ಇಂಗಿನ ಒಗ್ಗರಣೆ ಹಾಗೇ ಆಯಿತು, ಆಮೇಲೆ ಬೆಳ್ಳುಳ್ಳಿ, ಕರಿದ ಹಪ್ಪಳ. ಕಾಫಿ ಬೀಜ ಹುರಿಯುವಾಗ ಹುಟ್ಟುವ ಗಂಧಕ ಬೆರೆತ ಕೆಲವು ಅಣುಗಳು ತೀರಾ ಕಡಿಮೆ ಇದ್ದರೂ ಮೂಗಿಗೆ ತಿಳಿಯುವಂಥವು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಎಷ್ಟೋ ಗ್ರಾಹಕಗಳು ಒಟ್ಟಾಗಿ ಹೇಳಿದಾಗ ಅದು ಕಾಫಿ. ಅವುಗಳಲ್ಲಿ ಕೆಲವೇ ಎಚ್ಚೆತ್ತು ಆ ಗಂಧಕವನ್ನಷ್ಟೇ ಕೂಗಿ ಹೇಳಿದರೆ ಮಿದುಳಿಗೆ ಅದು ಕೊಳೆತದ್ದಾಗಿ ಕಾಣುತ್ತದೆ ಎಂಬುದು ಇದಕ್ಕಿರುವ ಒಂದು ವಿವರಣೆ. ಪ್ಯಾರೋಸ್ಮಿಯಾ ಎನ್ನುತ್ತಾರೆ.

ಆ ನಾಲ್ಕು ತಿಂಗಳು ನನ್ನ ಬಾಳಿನ ಕೆಟ್ಟ ಕಾಲ. ಗಂಜಿ, ಮಜ್ಜಿಗೆ, ಹಸಿ ಸೌತೆ, ಬಾಳೆಹಣ್ಣು, ಇಷ್ಟೇ ಒಳಗೆ ಹೋಗುತ್ತಿದ್ದದ್ದು. ಬಿಸಿಯಾದದ್ದೆಲ್ಲ ನಾತ. ಏಳು ಕಿಲೋ ಇಳಿದೆ. ಮಾಡಿದ ಅಡುಗೆಯನ್ನು ತಟ್ಟೆಗೆ ಬಡಿಸಿ ನಾನು ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಮಗಳು ಒಂದು ದಿನ ‘ಅಮ್ಮಾ, ನನ್ನ ಹತ್ತಿರವೂ ವಾಸನೆ ಬರುತ್ತದಾ?’ ಎಂದು ಕೇಳಿದಳು. ಅವಳ ಸೋಪಿನ ವಾಸನೆ ನನಗೆ ತಡೆಯಲಾಗದೆ ಮುಖ ತಿರುಗಿಸಿದ್ದನ್ನು ಅವಳು ನೋಡಿದ್ದಳು. ಇದನ್ನು ಬರೆಯುವಾಗ ಈಗಲೂ ಕೈ ತಡವರಿಸುತ್ತದೆ. ಮನೆಯವರಿಗೆ ಮೊದಲೇ ವಿಷಯ ತಿಳಿಸಿ ಹೇಳಿ. ವೈದ್ಯರು ನನಗೆ ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ: ನರ ಹೊಸದಾಗಿ ಚಿಗುರುವಾಗ ಎಷ್ಟೋ ಜನರಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ಇದು ಒಳ್ಳೆಯ ಸೂಚನೆ, ಅಮ್ಮನ ಮೂಗು ಅಕ್ಷರ ತಪ್ಪಾಗಿ ಓದುತ್ತಿದೆ. ಮಾರನೆಯ ದಿನದಿಂದ ರಾತ್ರಿಯ ಸೀಸೆಗಳನ್ನು ಅವಳೇ ತಂದು ಕೊಡತೊಡಗಿದಳು.

ಡಿಸೆಂಬರ್. ಅಡಿಕೆ ಸುಲಿತದ ಗಡಿಬಿಡಿ. ಬೇಯಿಸುವ ಹಂಡೆಯ ಹತ್ತಿರ ನನಗೆ ನಿಲ್ಲಲು ಆಗುತ್ತಿರಲಿಲ್ಲವಾದ್ದರಿಂದ ಅಟ್ಟದಿಂದ ಗೋಣಿಚೀಲ ಇಳಿಸುವ ಕೆಲಸ ನನಗೆ ಬಂತು. ಚೀಲ ಕೊಡವಿದಾಗ ಮೂಗಿನ ತುದಿಯಲ್ಲಿ ಏನೋ ತೆಳುವಾಗಿ ಸುಳಿಯಿತು. ನಾತವಲ್ಲ, ತಂಪಲ್ಲ. ಮತ್ತೆ ಕೊಡವಿದೆ. ಮುಗ್ಗಲು! ಮಳೆಗಾಲವಿಡೀ ಅಟ್ಟದಲ್ಲಿದ್ದ ಗೋಣಿಯ ಮುಗ್ಗಲು ವಾಸನೆ, ಯಾವ ವಿಕಾರವೂ ಇಲ್ಲದೆ, ಅದಾಗಿಯೇ ಬಂದಿತ್ತು. ಆ ಚೀಲವನ್ನು ಎದೆಗೆ ಒತ್ತಿಕೊಂಡು ಅಟ್ಟದ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಕೆಳಗಿನಿಂದ ಸುಲಿಯುವ ಹೆಂಗಸರು ಏನಾಯಿತೆಂದು ಓಡಿಬಂದರು. ಲೆಕ್ಕದ ಪುಸ್ತಕದಲ್ಲಿ ಆ ದಿನದ ಮುಂದೆ ‘ಗೋಣಿ’ ಎಂದು ದೊಡ್ಡದಾಗಿ ಬರೆದಿದ್ದೇನೆ.

12 ವಾರ ಮುಗಿದ ಮೇಲೆ ಸೀಸೆಗಳನ್ನು ಬದಲಾಯಿಸಬಹುದು ಎಂದು ವೈದ್ಯರು ಹೇಳಿದ್ದರು, ಹೊಸ ವಾಸನೆಗಳಿಂದ ಇನ್ನಷ್ಟು ಅನುಕೂಲವಾಗುತ್ತದಂತೆ. ಸಂಕ್ರಾಂತಿಯ ಹೊತ್ತಿಗೆ ನನ್ನದೇ ನಾಲ್ಕನ್ನು ಆರಿಸಿಕೊಂಡೆ: ಹುರಿಯದ ಜೀರಿಗೆ, ಏಲಕ್ಕಿ, ಲಾವಂಚದ ಬೇರು, ಪಚ್ಚಕರ್ಪೂರ. ಕರ್ಪೂರದಲ್ಲಿ ತಂಪಿದೆ, ಅದು ಮೋಸ ಮಾಡುತ್ತದೆ ಎಂದು ಗೊತ್ತಿತ್ತು. ಆದರೂ ಇಟ್ಟುಕೊಂಡೆ, ಯಾಕೆಂದರೆ ನನಗೆ ಬೇಕಾದದ್ದು ಅಪ್ಪೆ. ಜೀರಿಗೆ ಗೊತ್ತಾಗದೆ ಜೀರಿಗೆ ಅಪ್ಪೆ ಹೇಗೆ ಗೊತ್ತಾದೀತು?

2022ರ ಮಾರ್ಚ್‌ನಲ್ಲಿ ರಿಪ್ಪನ್‌ಪೇಟೆಯಿಂದ ಮಿಡಿ ಬಂದಾಗ ನಾನು ಮುಟ್ಟಲಿಲ್ಲ. ಅತ್ತೆಯೇ ಎಲ್ಲವನ್ನೂ ಮೂಸಿ ಬೇರೆ ಮಾಡಿದರು, ನಾನು ಬುಟ್ಟಿ ಹಿಡಿದೆ. ಆ ವರ್ಷ ಕಾಲು ಭಾಗ ಮಾತ್ರ ಉಪ್ಪಿನಕಾಯಿ ಹಾಕಿದೆವು. ವರ್ಷದ ನಡುವೆ ಒಂದೊಂದಾಗಿ ಮರಳಿದವು: ಏಲಕ್ಕಿ ಮೊದಲು, ಆಮೇಲೆ ಮಣ್ಣು, ಹಾಲು, ಗುಲಾಬಿ. ಕಾಫಿ ಇವತ್ತಿಗೂ ಪೂರ್ತಿ ಸರಿಯಿಲ್ಲ, ಹಳೆಯ ಪುಡಿಯ ಕಾಫಿಯಂತೆ ಇದೆ. ಕುಡಿಯುತ್ತೇನೆ. ಸುರಗಿ ಹೂವು ಇನ್ನೂ ಬಂದಿಲ್ಲ. ಫೆಬ್ರವರಿಯಲ್ಲಿ ಒಣ ಸುರಗಿಯ ಸರವನ್ನು ಬಟ್ಟೆಗಳ ನಡುವೆ ಇಟ್ಟುಕೊಂಡು ಪ್ರತಿ ದಿನ ಪೆಟ್ಟಿಗೆ ತೆರೆದು ನೋಡುತ್ತೇನೆ.

ಈ ನಡುವೆ ಇಬ್ಬರು ಹುಡುಕಿಕೊಂಡು ಬಂದರು. ಒಬ್ಬರು ಆಟೊ ಓಡಿಸುವವರು, ಪೆಟ್ರೋಲ್ ಸೋರುವುದು ತಿಳಿಯದೆ ಹೆದರಿದ್ದರು. ಇನ್ನೊಬ್ಬಾಕೆ ಬಾಣಂತಿ, ಮಗುವಿನ ನೆತ್ತಿಯ ವಾಸನೆ ಗೊತ್ತಾಗುತ್ತಿಲ್ಲ ಎಂದು ಹೇಳುತ್ತಲೇ ಅತ್ತಳು. ಮೊದಲು ವೈದ್ಯರಿಗೆ ತೋರಿಸಿ ಬನ್ನಿ, ವಾಸನೆ ಹೋಗಲು ಬೇರೆ ಕಾರಣಗಳೂ ಇರುತ್ತವೆ ಎಂದು ಇಬ್ಬರಿಗೂ ಹೇಳಿದೆ. ಆಮೇಲೆ ನಾಲ್ಕು ನಾಲ್ಕು ಸೀಸೆ ತುಂಬಿಸಿ ಕೊಟ್ಟೆ. ಬಾಣಂತಿಗೆ ಅತ್ತೆಯೇ ಹೇಳಿದರು: ‘ಮಗುವಿನ ತಲೆಗೆ ಎಣ್ಣೆ ಹಚ್ಚುತ್ತೀಯಲ್ಲ, ಆ ಎಣ್ಣೆಯೇ ನಿನಗೆ ಐದನೆಯ ಸೀಸೆ. ಹಚ್ಚುವಾಗ ದಿನವೂ ಮೂಸು, ಬಿಡಬೇಡ.’

2023ರ ಮಾರ್ಚ್ ಕೊನೆಯಲ್ಲಿ ನಾಲ್ಕು ಬುಟ್ಟಿ ಮಿಡಿ ಬಂತು. ಅತ್ತೆ ಗೋಡೆಗೆ ಒರಗಿ ಕುಳಿತು, ‘ನೀನೇ ಮಾಡು’ ಎಂದರು. ಮೊದಲ ಬುಟ್ಟಿಯ ಮಿಡಿಯ ತೊಟ್ಟು ಮುರಿದೆ, ಸೊನೆ ಹೆಬ್ಬೆರಳಿಗೆ ಹಾರಿತು. ಕರುವಿನಂತೆ ಮೂಸಿದೆ. ಜೀರಿಗೆ. ಬೆಳಿಗ್ಗೆಯ ಸೀಸೆಯೊಳಗಿನ ಜೀರಿಗೆಯೇ, ಆದರೆ ಹಸಿರಾಗಿ, ಹುಳಿಯಾಗಿ. ಎರಡನೆಯದು ಬರಿಯ ಹುಳಿ. ಮೂರನೆಯದು ಕರ್ಪೂರ, ತಂಪು ಆರಿದ ಮೇಲೂ ಒಂದು ಸುವಾಸನೆ ಉಳಿದಿತ್ತು, ಅದನ್ನು ಹಿಡಿದು ಹೇಳಿದೆ. ನಾಲ್ಕನೆಯ ಬುಟ್ಟಿಯಿಂದ ಐದಾರು ಮಿಡಿ ಮುರಿದೆ. ಏನೋ ಇತ್ತು, ಹೆಸರು ಸಿಗಲಿಲ್ಲ. ಬುಟ್ಟಿಯನ್ನು ಅತ್ತೆಯ ಮುಂದೆ ಸರಿಸಿದೆ. ಅವರು ಒಂದು ಮಿಡಿಯನ್ನು ಮುರಿದು ಮೂಸಿ, ನನ್ನ ಕೈಗೆ ಇನ್ನೊಂದನ್ನು ಕೊಟ್ಟು, ‘ಅನಂತಭಟ್ಟ ಅಪ್ಪೆ’ ಎಂದರು. ‘ಈಗ ಮೂಸು.’